ಅಳತೆಕಡ್ಡಿ ಮುಟ್ಟದ ಬೇಸಿಗೆ

ಮೂರು. ಎರಡು. ಮೂರು. ಐದು.

ಮಾಸ್ಕಿನ ಹಿಂದಿನಿಂದ ಬರುವ ಗಂಡಸಿನ ಧ್ವನಿ. ಪ್ರತಿ ಅಂಕಿಗೂ ಮುಂಚೆ ಒಂದು ಸಣ್ಣ ವಿರಾಮ, ಮಗ್ಗಿ ಒಪ್ಪಿಸುವ ಹುಡುಗ ಮುಂದಿನದು ನೆನಪಾಗದೆ ತಡೆದು ನಿಂತ ಹಾಗೆ. ಹೊರಗೆ ತಗಡಿನ ಮೇಲೆ ಮಳೆ. ನನ್ನ ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ.

ಮೊನ್ನೆ ನಮ್ಮ ಬಜಾಜ್ ನಗರದ ಮನೆಯ ಕೂಲರಿಗೆ ಹೊಸ ಹುಲ್ಲು ಹಾಕಿಸಿದೆವು. ಬೇಸಿಗೆ ಬಂತು ಎಂದು ಇಲ್ಲಿ ಕ್ಯಾಲೆಂಡರ್ ಹೇಳಬೇಕಾಗಿಲ್ಲ, ಒದ್ದೆ ಖಸ್ ಹುಲ್ಲಿನ ವಾಸನೆಯೇ ಹೇಳುತ್ತದೆ. ಸ್ವಿಚ್ ಒತ್ತಿದ ಕೂಡಲೇ ಪಂಪು ಕೆಮ್ಮಿತು, ನೀರು ತೊಟ್ಟಿಕ್ಕಿತು, ನಿಂತಿತು, ಮತ್ತೆ ತೊಟ್ಟಿಕ್ಕಿತು. ಆ ನಿಲುಗಡೆಗಳ ನಡುವೆ ನನಗೆ ಆ ಅಂಕಿಗಳು ಕೇಳಿಸಿದವು. ನನ್ನ ನಾದಿನಿ ಶಕುಂತಲಾ ಎದುರಿಗೆ ಕೂತು ಕ್ರಾಸ್‌ವರ್ಡ್ ತುಂಬುತ್ತಿದ್ದಳು. ಕನ್ನಡಕದ ಮೇಲಿನಿಂದ ನೋಡಿ, “ಏನ್ ವೈನಿ, ಬಾಯಿ ತಕ್ಕೊಂಡು ಕೂತೀರಿ?” ಅಂದಳು. ಕೈಯಿಟ್ಟು ನೋಡಿಕೊಂಡೆ. ನಿಜವಾಗಿಯೂ ತೆರೆದೇ ಇತ್ತು.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಕಲಿಸಿದ್ದು ನಾಗಪುರದ ಶಾಲೆಯೊಂದರಲ್ಲಿ ಇಂಗ್ಲಿಷು. ನಮ್ಮವರ ಸೆಂಟ್ರಲ್ ಗವರ್ನಮೆಂಟ್ ಕೆಲಸದ ಟ್ರಾನ್ಸ್‌ಫರ್ ನಮ್ಮನ್ನು ಇಲ್ಲಿಗೆ ತಂದು ಹಾಕಿತು. ಅವರು ತೀರಿಕೊಂಡ ಮೇಲೂ ನಾನು ಇಲ್ಲೇ ಉಳಿದೆ. ಬ್ಯಾಂಕಿನಿಂದ ರಿಟೈರ್ ಆದ ಶಕ್ಕು ನನ್ನ ಜೊತೆ ಇರಲು ಬಂದಳು. ಪ್ರತಿ ಬೇಸಿಗೆ ಕಾಲನಿಯ ಮಕ್ಕಳಿಗೂ ಏರ್‌ಫೋರ್ಸಿನವರ ಹೆಂಡಂದಿರು ಕೆಲವರಿಗೂ ನಮ್ಮ ಹಾಲಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಕಾನ್ವೆಂಟಿನ ನನ್‌ಗಳು ಕಲಿಸಿದ್ದ ಉಚ್ಚಾರ ನನ್ನ ಆಸ್ತಿ. ಸಿಸ್ಟರ್ ಒಬ್ಬರು ಕೈಗನ್ನಡಿ ಹಿಡಿಸಿ ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ‘ಫ್ಲವರ್’ ಅನ್ನಿಸುತ್ತಿದ್ದರು, ಸರಿಯಾಗುವ ತನಕ ಊಟಕ್ಕೆ ಬಿಡುತ್ತಿರಲಿಲ್ಲ. ಅದೇ ಕನ್ನಡಿ, ಅದೇ ಫ್ಲವರ್ ನಾನು ನಾಗಪುರಕ್ಕೆ ತಂದಿದ್ದೆ.

ಆ ಮಾರ್ಚಿನಲ್ಲಿ ಪೇರಲೆಯ ಹಣ್ಣು ಕಚ್ಚಿದಾಗ ಬಿಳಿಯ ತಿರುಳಿನ ಮೇಲೆ ಗುಲಾಬಿ ಗುರುತು ಮೂಡಿತ್ತು. ಮೊದಲೂ ಮೂಡಿತ್ತು, ನಾನು ಹಣ್ಣಿನದೇ ಬಣ್ಣ ಅಂದುಕೊಂಡಿದ್ದೆ. ಏಪ್ರಿಲಿಗೆ ಮುಂದಿನ ಎರಡು ಮೇಲುಹಲ್ಲುಗಳ ನಡುವೆ, ಎಂದೂ ಇಲ್ಲದ ಒಂದು ಸಂದು. ಒಂದು ಹಲ್ಲು ಮನೆಯಿಂದ ಹೊರಗೆ ಹೆಜ್ಜೆ ಇಟ್ಟವಳ ಹಾಗೆ ಕೊಂಚ ಮುಂದೆ ಬಂದಿತ್ತು. ಕ್ಲಾಸಿನಲ್ಲಿ ಆರ್ಯಾ ಎಂಬ ಹುಡುಗಿ ಎದ್ದು ನಿಂತು ಬಹಳ ಗೌರವದಿಂದ, “ಟೀಚರ್, ನಿಮ್ಮ ಫ್ಲವರ್‌ನಲ್ಲಿ ಗಾಳಿ ಬರ್ತಾ ಇದೆ” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಗ್ರಾಮರ್ ತಪ್ಪಿರಲಿಲ್ಲ. ನಾನು “ಗುಡ್ ಸೆಂಟೆನ್ಸ್, ಸಿಟ್ ಡೌನ್” ಅಂದೆ. ಆ ಸಂಜೆ ಕನ್ನಡಿ ಹಿಡಿದು ಕೂತು ನಾಲಿಗೆಯ ತುದಿಯಿಂದ ಹಲ್ಲನ್ನು ಒತ್ತಿ ನೋಡಿದೆ. ಅಲ್ಲಾಡಿತು.

ನಾಗಪುರದ ಕನ್ನಡದವರಿಗೆ ಹಲ್ಲಿನ ಡಾಕ್ಟರು ಅಂದರೆ ಶ್ರೀಪಾದ ಇನಾಮದಾರ. ವಿಜಯಪುರದ ಕಡೆಯವನು. ಸದರ್ ಎಂಬ ಬಡಾವಣೆಯಲ್ಲಿ ಚರ್ಚಿನ ಗಲ್ಲಿಯ ಮೂಲೆಗೆ ಅವನ ಕ್ಲಿನಿಕ್. ಕಾಮಠಿಯ ಮಿಲಿಟರಿಯವರು, ಬ್ಯಾಂಕಿನವರು, ನನ್ನಂಥ ಟೀಚರುಗಳು, ಎಲ್ಲ ಅಲ್ಲಿಗೇ. ಹಲ್ಲು ನೋಯದಿದ್ದರೂ ಕನ್ನಡ ಕೇಳಲಿಕ್ಕೆ ಹೋಗುವವರಿದ್ದರು. ನಾನು ಈ ಊರಿಗೆ ಬಂದ ವರ್ಷ ಅವನು ನನ್ನ ಕಡೆಯ ದವಡೆಹಲ್ಲು ಕಿತ್ತ ದಿನ ರಾಖಿ ಹುಣ್ಣಿಮೆ. ಬೀದಿಯ ತುಂಬ ಅಣ್ಣತಂಗಿಯರು, ನನಗೆ ಈ ಊರಿನಲ್ಲಿ ಅಣ್ಣತಮ್ಮ ಅಂತ ಯಾರೂ ಇಲ್ಲ. ಹಲ್ಲಿನ ನೋವಿಗೋ ಅದಕ್ಕೋ ಚೇರಿನಲ್ಲಿ ಅತ್ತೆ. ಅವನು ಹೊಲಿಗೆ ಹಾಕುವ ಕಪ್ಪು ರೇಷ್ಮೆ ದಾರದ ಒಂದು ತುಂಡು ಕತ್ತರಿಸಿ ನನ್ನ ಕೈಗೆ ಕೊಟ್ಟು, “ಕಟ್ಟವಾ ಅಕ್ಕಾ, ಅಳೂದು ಬಿಡು” ಎಂದು ಮುಂಗೈ ಚಾಚಿದ. ಅಂದಿನಿಂದ ಪ್ರತಿ ಶ್ರಾವಣವೂ ಅವನು ನಮ್ಮ ಮನೆಗೆ ಬಂದು ರಾಖಿ ಕಟ್ಟಿಸಿಕೊಂಡ. ಪ್ರತಿ ಆರು ತಿಂಗಳಿಗೆ ನಾನು ಅವನ ಚೇರಿನಲ್ಲಿ ಒರಗಿದೆ. ಅವನು ಹಲ್ಲು ಕ್ಲೀನ್ ಮಾಡುತ್ತ ಊರಿನ ಜೋಳದ ರೊಟ್ಟಿ, ಹೆಂಡತಿಯ ಬಿ.ಪಿ. ಎಲ್ಲ ಹೇಳಿ ಕೊನೆಗೆ, “ಫಸ್ಟ್ ಕ್ಲಾಸ್ ಅಕ್ಕಾ” ಅನ್ನುತ್ತಿದ್ದ.

ಆ ಏಪ್ರಿಲಿನಲ್ಲಿ ಹೋದಾಗ ಅವನು ಕ್ಲೀನ್ ಮಾಡಿದ, ಪಾಲಿಶ್ ಮಾಡಿದ, ಫಸ್ಟ್ ಕ್ಲಾಸ್ ಅನ್ನಲಿಲ್ಲ. “ವಯಸ್ಸಿಗೆ ಸ್ವಲ್ಪ ಹಿಂಗಾಗ್ತದಕ್ಕಾ. ಉಪ್ಪುನೀರು ಮುಕ್ಕಳಿಸು, ನೋಡೂಣು” ಅಂದ.

ಹೊರಗೆ ಬಿಸಿಲು ಇಳಿಯುವ ತನಕ ನಾನು ವೇಟಿಂಗ್ ರೂಮಿನಲ್ಲೇ ಕೂತೆ. ಚೇರಿರುವ ಕೋಣೆಗೆ ಅರ್ಧ ಬಾಗಿಲು ಮಾತ್ರ, ಮಾತೆಲ್ಲ ಕೇಳುತ್ತದೆ. ಹಿಂಗಣಾದ ಫ್ಯಾಕ್ಟರಿಯವನೊಬ್ಬ ಬಂದಿದ್ದ. “ಖರ್ರಾ ಖಾತೇ ಹೋ?” ಎಂದು ಶ್ರೀಪಾದ ಕೇಳಿದ. ಅಡಿಕೆ, ತಂಬಾಕು, ಸುಣ್ಣ ತಿಕ್ಕಿದ ಆ ಖರ್ರಾ ಇಲ್ಲದೆ ಈ ಊರಿನ ಅರ್ಧ ಗಂಡಸರು ನಿಂತಲ್ಲಿ ನಿಲ್ಲಲಾರರು. “ನಹೀ ಸಾಬ್. ಥೋಡಾ.” “ಥೋಡಾ? ಅಭೀ ಗಾಲ್ ಮೇ ಕ್ಯಾ ಹೈ, ಪೇಢಾ?” ಕೆನ್ನೆಯೊಳಗೆ ಈಗ ಇರುವುದು ಪೇಢೆಯೇ ಎಂಬ ಮಾತಿಗೆ ಎಲ್ಲರೂ ನಕ್ಕರು, ಅವನೂ ನಕ್ಕಿರಬೇಕು. ಆಮೇಲೆ ಶ್ರೀಪಾದ ಇಂಗ್ಲಿಷಿನಲ್ಲಿ ಅಂಕಿಗಳನ್ನು ಹೇಳುವುದು, ಅಸಿಸ್ಟೆಂಟ್ ಸಂಗೀತಾ ತಿರುಗಿ ಹೇಳಿ ಬರೆದುಕೊಳ್ಳುವುದು. ಅದು ಅಳತೆಕಡ್ಡಿಯ ಕೆಲಸ. ತುದಿಯಲ್ಲಿ ಮಿಲಿಮೀಟರಿನ ಗೆರೆಗಳಿರುವ ತೆಳ್ಳನೆಯ ಸ್ಟೀಲ್ ಕಡ್ಡಿ. ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಎಷ್ಟು ಆಳಕ್ಕೆ ಹೋಯಿತು ನೋಡುತ್ತಾರೆ. ಎರಡು, ಮೂರು ಸರಿ. ಅದಕ್ಕಿಂತ ಹೆಚ್ಚಾದರೆ ಒಸಡು ಹಲ್ಲಿನ ಕೈಬಿಟ್ಟಿದೆ ಎಂದು ಅರ್ಥ.

ಅವನ ಹಿಂದೆಯೇ ಕಾಮಠಿಯಿಂದ ಬಂದಿದ್ದ ಸುಬೇದಾರರ ಹೆಂಡತಿ ಒಳಗೆ ಹೋದಳು. ಮತ್ತೆ ಅಂಕಿಗಳು. ಆಮೇಲೆ ಶ್ರೀಪಾದ ಸ್ಪಷ್ಟವಾಗಿ, “ತಾಯೀ, ಆರು ತೋರಸ್ತದ. ಒಳಗ ಎಲುಬೂ ಕರಗೇದ. ಧಂತೋಲಿಗೆ ಒಸಡಿನ ಸ್ಪೆಷಲಿಸ್ಟ್ ಕಡೆ ಹೋಗ್ರಿ. ನಾಳೆ ಅಲ್ಲ, ಇವತ್ತ” ಅಂದ.

“ನಿಮ್ಮ ಕೈಲೇ ಆಗೂದಿಲ್ಲೇನ್ರೀ ಡಾಕ್ಟರ?”

“ಆಗೂದಿಲ್ರಿ. ಆಗೂದಿಲ್ಲ ಅಂತ ಹೇಳಾಕೂ ಫೀಸ್ ತಗೋತೀನಿ, ಚಿಂತೀ ಬ್ಯಾಡ.”

ಜನ ಹೋದ ಮೇಲೆ ಅವನು ಟೀ ತರಿಸಿ ನನ್ನ ಪಕ್ಕ ಕೂತ. ಅಂಥದೇ ಅಂಕಿ ಬಂದ ಹಿಂಗಣಾದವನನ್ನು ಯಾಕೆ ಧಂತೋಲಿಗೆ ಕಳಿಸಲಿಲ್ಲ ಎಂದು ಕೇಳಿದೆ.

“ಅಂವಗ ಚೀಟಿ ಕೊಟ್ರ ಅಂಗೀ ಕಿಸೇದಾಗ ಇಟ್ಕೋತಾನ, ಅಂಗಿ ಒಗಿಯಾಕ ಹೋಗ್ತದ. ಅಲ್ಲಿಗೂ ಹೋಗಂಗಿಲ್ಲ, ಹೋಗಿಲ್ಲ ಅಂತ ನಾಚಿಕೊಂಡು ಇಲ್ಲಿಗೂ ಬರಂಗಿಲ್ಲ. ನಡುವ ಹಲ್ಲು ಹೋಗ್ತಾವ. ಅದಕ್ಕ ಆದಷ್ಟು ನಾನಽ ಮಾಡ್ತೀನಿ. ಕಡ್ಡಿ ಎಷ್ಟು ಹೇಳ್ತದ, ಎಕ್ಸ್‌ರೇ ಏನು ಹೇಳ್ತದ, ಇವು ಪುಸ್ತಕದಾಗ ಅದಾವು ಅಕ್ಕಾ. ಈ ಮನಷ್ಯಾ ಹೋಗೂ ಮನಷ್ಯಾ ಹೌದೋ ಅಲ್ಲೋ, ಅದು ಮುಖಾ ನೋಡಿ ತಿಳ್ಕೋಬೇಕು.”

ಟೀ ಲೋಟ ಕೆಳಗಿಟ್ಟೆ. ನಾನು ಹೋಗುವ ಮನುಷ್ಯಳು. ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ, ಕೊಡೆ ಹಿಡಿದು ಹೋಗುವವಳು ಎಂದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಮತ್ತೆ, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ನನ್ನ ಬಾಯಿಗೆ ಕಡ್ಡಿ ಇಳಿಸಿ ಅಂಕಿ ಹೇಳಿದ್ದು ನನಗೆ ನೆನಪಿರಲಿಲ್ಲ.

ಮೇ ಬಂತು. ನಾಗಪುರದ ಮೇ ಒಂದು ಜೈಲು, ಸಭ್ಯ ಜೈಲು. ಬೆಳಗಿನ ತಿಂಡಿ ಮುಗಿಯುವುದರೊಳಗೆ ಕಿಟಕಿ ಮುಚ್ಚಿ ಪರದೆ ಎಳೆದರೆ ಸೂರ್ಯ ಮುಳುಗುವ ತನಕ ತೆಗೆಯುವಂತಿಲ್ಲ. ಹೊರಗೆ ಹೋಗುವ ಹೆಂಗಸರೆಲ್ಲ ಕಣ್ಣು ಮಾತ್ರ ಬಿಟ್ಟು ಮುಖಕ್ಕೆ ದುಪಟ್ಟಾ ಸುತ್ತಿರುತ್ತಾರೆ. ನನಗೆ ಅದು ಒಳ್ಳೆಯದೇ ಆಯಿತು, ನಗಬೇಕಾಗಿರಲಿಲ್ಲ. ಕ್ಲಾಸಿನಲ್ಲಿ ಕೂಡ ಕರ್ಚೀಫ್ ಬಾಯಿಗೆ ಹಿಡಿದೇ ಮಾತಾಡುತ್ತಿದ್ದೆ. ಎರಡು ವಾರ ಕಳೆದ ಮೇಲೆ ತಲೆನೋವು ಎಂದು ಹೇಳಿ ಕ್ಲಾಸು ನಿಲ್ಲಿಸಿದೆ. ಕತ್ತಲೆ ಹಾಲಿನಲ್ಲಿ ಕೂಲರು ಗುಂಯ್ ಅನ್ನುತ್ತಿತ್ತು. ಶಕ್ಕು ಮಾವಿನಕಾಯಿ ಪಾನಕದ, ಪನ್ಹೆಯ, ಲೋಟ ನನ್ನ ಮುಂದಿಟ್ಟು ಜಗಳಕ್ಕೆ ಕೂತಳು.

“ವೈನಿ, ಹಲ್ಲು ಯಾರವು?”

“ನನ್ನವು.”

“ಬರೋಬರ್. ಇನಾಮದಾರನವು ಅಲ್ಲ. ಚಲೋ, ನಾಳೆ ಧಂತೋಲಿಗೆ ಹೋಗೂಣು. ಆಟೋ ನಾ ಕರೀತೀನಿ.”

“ಅಲ್ಲಿ ಮೊದಲನೇ ಪ್ರಶ್ನೇನ ಯಾರು ಕಳಿಸಿದ್ರು ಅಂತ, ಶಕ್ಕು. ನಂದು ನಾ ಬಂದೆ ಅಂದ್ರ, ನಿಮ್ಮ ಡಾಕ್ಟರ್ ಯಾರು ಅಂತಾರ. ಸಂಜೀ ಒಳಗ ಅವಗ ಫೋನ್ ಹೋಗ್ತದ. ನಿಮ್ಮ ಅಕ್ಕ ನಮ್ಮ ಕಡೆ ಬಂದಿದ್ರು ಅಂತ.”

“ಹೋಗ್ಲಿ ಬಿಡ್ರಿ! ಹಲ್ಲೆಲ್ಲಾ ಬಿದ್ದ ಮ್ಯಾಲೂ ರಾಖಿ ಕಟ್ಟಬಹುದು. ಕೈಲೆ ಕಟ್ಟೂದು, ಹಲ್ಲಿಲೆ ಅಲ್ಲ.”

ನಾನು ನಕ್ಕೆ, ಕೈ ತಾನಾಗಿ ಬಾಯಿಗೆ ಹೋಯಿತು. ಅದನ್ನು ನೋಡಿ ಅವಳು ಪನ್ಹೆಯ ಲೋಟವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು.

ಮೇ ಮಧ್ಯದಲ್ಲಿ ಹಲ್ಲಿನ ಬುಡ ಬಾತುಕೊಂಡಿತು. ಶ್ರೀಪಾದ ಸೋದರಳಿಯನ ಮದುವೆಗೆ ವಿಜಯಪುರಕ್ಕೆ ಹೋಗಿದ್ದ. ಕ್ಲಿನಿಕ್ಕಿನಲ್ಲಿ ಅವನ ಕೈಕೆಳಗಿನ ಡಾಕ್ಟರ್ ಮೃಣಾಲ್ ಇದ್ದಳು, ಇಲ್ಲಿಯದೇ ಮರಾಠಿ ಹುಡುಗಿ. “ಆಂಟಿ, ಥೋಡಾ ದುಖೇಗಾ” ಎಂದವಳೇ ಅಳತೆಕಡ್ಡಿ ಎತ್ತಿಕೊಂಡಳು. ಟೂ, ತ್ರೀ, ಫೈವ್. ಸಂಗೀತಾ ಬರೆದುಕೊಳ್ಳುತ್ತ ಬಂದಳು. ಅಲ್ಲಾಡುವ ಮುಂದಿನ ಹಲ್ಲಿಗೆ ಬಂದಾಗ ಮೃಣಾಲ್ “ಸೆವೆನ್” ಅಂದಳು. ಸಂಗೀತಾ ತಿರುಗಿ ಹೇಳಲಿಲ್ಲ. “ಸೆವೆನ್?” ಎಂದು ಕೇಳಿದಳು. “ಹೋ, ಸಾತ್.” ಜೀವನವಿಡೀ ಮಾರ್ಕ್ಸ್ ಕೊಟ್ಟವಳು ನಾನು, ಓದಿ ಹೇಳುವವರ ಧ್ವನಿಯಲ್ಲೇ ಪಾಸೋ ಫೇಲೋ ತಿಳಿಯುತ್ತದೆ.

ಎಕ್ಸ್‌ರೇ ತೆಗೆದು ಅವಳು ಅದನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಇದು ತನ್ನ ಕೆಲಸ ಅಲ್ಲ, ಸರ್ ಕೆಲಸವೂ ಅಲ್ಲ, ಒಸಡಿನ ಸ್ಪೆಷಲಿಸ್ಟ್ ನೋಡಬೇಕು, ಈಗಲೇ ಹೋದರೆ ಮುಂದಿನ ಹಲ್ಲು ಉಳಿದೀತು ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು.

“ತೋ ಚಿಠ್ಠೀ ದೇ ದೋ ಬೇಟಾ” ಎಂದು ಚೀಟಿ ಕೇಳಿದೆ.

ಅವಳು ಪೆನ್ನಿನ ಕ್ಯಾಪ್ ತೆಗೆದಳು, ಮತ್ತೆ ಹಾಕಿದಳು. ಬೇರೆ ಪೇಷಂಟುಗಳಿಗೆ ಅವಳೇ ಬರೆಯುತ್ತಾಳಂತೆ. “ಆದರೆ ನೀವು ಸರ್ ಅವರ ಮನೆಯವರು. ನೀವು ಸರ್ ಅವರ ದೀದಿ. ನಾನು ಬರೆದರೆ...” ಹುಡುಗಿ ಕಲಿಯುವುದಕ್ಕೆ ಬಂದವಳು, ಗುರುವಿನ ತಲೆಯ ಮೇಲಿಂದ ಹೇಗೆ ಬರೆದಾಳು?

ಪರದೆಯ ಮೇಲೆ ಇನ್ನೊಂದು ಎಕ್ಸ್‌ರೇ ಇತ್ತು, ನನ್ನದೇ, ಹಳೆಯದು. ಎಲುಬಿನ ಗೆರೆ ಅದರಲ್ಲೇ ಇಳಿಯಲು ಶುರುವಾಗಿದ್ದು ನನ್ನಂಥವಳ ಕಣ್ಣಿಗೂ ಕಾಣುತ್ತಿತ್ತು. ಇದನ್ನು ಸರ್ ನೋಡಿದ್ದಾರಾ ಎಂದು ಕೇಳಿದೆ. ಮೃಣಾಲ್ ನೆಲ ನೋಡುತ್ತ, “ಸರ್ ನೇ ಹೀ ನಿಕಾಲಾ ಥಾ” ಅಂದಳು, ತೆಗೆದವನೇ ಅವನು.

ಆಟೋದಲ್ಲಿ ಬಿಸಿಗಾಳಿ ದುಪಟ್ಟಾದ ಒಳಗೂ ನುಗ್ಗುತ್ತಿತ್ತು. ಅವನಿಗೆ ಗೊತ್ತಿತ್ತು. ಸಿಟ್ಟು ಬರಲೆಂದು ಕಾದೆ, ಬರಲಿಲ್ಲ. ಬಂದದ್ದು ಬೇರೆ: ಎಲ್ಲ ಬಾಗಿಲೂ ಗೌರವದಿಂದ ಮುಚ್ಚಿಕೊಂಡ ಹಾಗೆ. ನಾನಾಗಿಯೇ ಹೋದರೆ ಊರಿನ ಡಾಕ್ಟರುಗಳ ನಡುವೆ ಅವನ ಹೆಸರು ಹೋಗುತ್ತದೆ. ಚೀಟಿ ಕೇಳಿದರೆ ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಸುಮ್ಮನಿದ್ದರೆ ಹಲ್ಲು ಹೋಗುತ್ತದೆ, ಹಲ್ಲಿನ ಜೊತೆ ನನ್ನ ಕ್ಲಾಸು, ನನ್ನ ಫ್ಲವರ್, ನಾನು ನಾನಾಗಿರುವುದು.

ಜೂನಿನಲ್ಲಿ ಶ್ರೀಪಾದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಊರಿನಿಂದ ವಾಪಸ್ ಬಂದ. ಫೋನ್ ಮಾಡಿ ಕ್ಲಿನಿಕ್ಕಿಗೆ ಕರೆದ, ನಾನು ಹೋದೆ. ಚೇರು ಹಿಂದಕ್ಕೆ ಒರಗಿತು, ದೀಪ ಮುಖದ ಮೇಲೆ ಬಂತು, ಹತ್ತಿಯ ಉಂಡೆಗಳು ಕೆನ್ನೆಗೆ ಹೋದವು. ಮೃಣಾಲ್ ಬರೆಸಿದ ಅಂಕಿಗಳು ಅವನ ಮುಂದೆಯೇ ಇದ್ದವು. ಟ್ರೇ ಕಡೆಗೆ ಅವನ ಕೈ ಹೋದದ್ದು ಕಂಡಿತು. ಅಳತೆಕಡ್ಡಿಯ ಮೇಲೆ ಬೆರಳು ನಿಂತದ್ದೂ ಕಂಡಿತು. ಆಮೇಲೆ ಆ ಕೈ ಪಕ್ಕದ ಪುಟ್ಟ ಕನ್ನಡಿಯನ್ನು ತೆಗೆದುಕೊಂಡಿತು.

“ಮದುವಿ ಊಟಾ ಏನ್ ಕೇಳ್ತೀ ಅಕ್ಕಾ” ಎಂದು ಶುರು ಮಾಡಿದ. ಮಂಡಿಗೆ ಮಾಡಿದವನು ಎಲ್ಲಿಂದ ಬಂದಿದ್ದ, ಬೀಗರು ಎಷ್ಟು ತಿಂದರು, ಎಲ್ಲ ಹೇಳಿದ. ನನ್ನ ಬಾಯಿ ತೆರೆದಿತ್ತು, ಮಾತಿಗೆ ಅದರಲ್ಲಿ ಜಾಗ ಇರಲಿಲ್ಲ. ಮಾತಾಡುವುದಕ್ಕೆ ಬಾಯಿ ಖಾಲಿ ಇದ್ದವನು ಮಂಡಿಗೆಯ ಮಾತು ಆಡುತ್ತಿದ್ದ. ಅವನ ಕಣ್ಣು ಮಾತ್ರ ನನ್ನ ಕಣ್ಣನ್ನು ತಪ್ಪಿಸುತ್ತಿತ್ತು. ಇವನೂ ಒಳಗೇ ಇದ್ದಾನೆ, ನನ್ನ ಜೊತೆ, ಬಾಗಿಲು ಮುಚ್ಚಿಕೊಂಡ ಇದೇ ಕೋಣೆಯಲ್ಲಿ, ಎಂದು ನನಗೆ ಆಗ ತಿಳಿಯಿತು.

ಮಳೆ ಬಂತು, ಕಿಟಕಿಗಳು ತೆರೆದವು. ನನಗೆ ಮಾತ್ರ ಗಾಳಿ ಬರಲಿಲ್ಲ. ಶ್ರಾವಣ ಹತ್ತಿರ ಬಂದಂತೆ ಶಕ್ಕು ಒಂದು ದಿನ ತರಕಾರಿ ಹೆಚ್ಚುತ್ತ ಸುಮ್ಮನೆ ಅಂದಳು: “ಪ್ರತಿ ವರ್ಷ ಕೇಳ್ತಾನಲ್ರೀ, ಏನ್ ಬೇಕಕ್ಕಾ ಅಂತ. ನೀವು ಪ್ರತಿ ವರ್ಷ ಏನೂ ಬ್ಯಾಡ ಅಂತೀರಿ. ಬ್ಯಾಂಕಿನಾಗ ಅದಕ್ಕ ಡಾರ್ಮಂಟ್ ಅಕೌಂಟ್ ಅಂತೀವಿ.”

ರಾಖಿಯ ದಿನ ಶ್ರೀಪಾದ ಹೆಂಡತಿ ನಳಿನಿಯ ಜೊತೆ ಬಂದ. ಇಸ್ತ್ರಿ ಮಾಡಿದ ಬಿಳಿಯ ಕುರ್ತಾ. ಕುಂಕುಮ ಹಚ್ಚಿದೆ, ಆರತಿ ಎತ್ತಿದೆ, ರಾಖಿ ಕಟ್ಟಿ ಪೇಢೆ ಬಾಯಿಗೆ ಇಟ್ಟೆ. ಪೇಢೆ ಜಗಿಯುತ್ತಲೇ ಅವನು ತನ್ನ ವಾರ್ಷಿಕ ಜೋಕು ಹೇಳಿದ, “ಹೇಳಕ್ಕಾ, ಏನ್ ಬೇಕು? ಸದರಿನಾಗ ಅರ್ಧಾ ರಸ್ತೆ ಬರದು ಕೊಡ್ಲೇನು?”

ರಾಖಿಯ ಗಂಟನ್ನು ಇನ್ನೊಮ್ಮೆ ಬಿಗಿದೆ. “ರಸ್ತೆ ಬ್ಯಾಡ ಶ್ರೀಪಾದ, ಧಂತೋಲಿಗೆ ಒಂದು ಚೀಟಿ ಬರದು ಕೊಡು.”

ನಳಿನಿ ನನ್ನನ್ನೂ ಅವನನ್ನೂ ನೋಡಿದಳು. ಶಕ್ಕು ಅಡುಗೆಮನೆಗೆ ಹೋದಳು, ಅಲ್ಲಿ ಏನೂ ಕೆಲಸವಿರಲಿಲ್ಲ. ಅವನು ಪೇಢೆ ನುಂಗಿದ. ರಾಖಿಯ ಮಣಿಯನ್ನು ಬೆರಳಿನಿಂದ ತಿರುಗಿಸತೊಡಗಿದ.

“ಮೊದಲನೇ ಎಕ್ಸ್‌ರೇ ನೋಡಿದಾಗ ಇನ್ನೊಂದು ಆರು ತಿಂಗಳು ನೋಡೂಣು ಅಂದೆ” ಎಂದ, ನನಗಲ್ಲ, ಕೈಗೆ. “ಅಕ್ಕಗ ಸುಮ್ಮನ ಯಾಕ ಅಂಜಿಸಬೇಕು ಅಂತ. ಕಡ್ಡಿ ಇಳಿಸಿದ್ರ ನೋವಾಗ್ತದ ಅಂತ. ಆಮ್ಯಾಲೆ ಕಳಿಸಬೇಕು ಅನಸ್ತು. ಆದ್ರ ಈಗ ಕಳಿಸಿದ್ರ ಆಗ ಯಾಕ ಕಳಿಸಲಿಲ್ಲ ಅಂತಾರ. ಮುಂದಿನ ಸಲ ಬಂದೀ, ಮತ್ತಷ್ಟು ತಡಾ ಆಗಿತ್ತು. ಪ್ರತಿ ಸಲಾ ಹಿಂದಿನ ಸಲದ್ದು ಅಡ್ಡ ಬಂತು.” ಆಮೇಲೆ ತಲೆಯೆತ್ತಿ, “ಪರಕೀ ಪೇಷಂಟ್ ಆಗಿದ್ರ ನಾ ನಿನ್ನ ಯಾವಾಗೋ ಕಳಿಸಿರ್ತಿದ್ದೆ ಅಕ್ಕಾ” ಅಂದ.

“ಹಂಗಾರ ನಾಳಿ ಒಂದು ದಿನಾ ಪರಕೀ ಆಗ್ತೀನಿ” ಅಂದೆ.

ಮರುದಿನ ಸದರಿನಲ್ಲಿ ಜೋರು ಮಳೆ. ಸಂಗೀತಾಳನ್ನು ಹೊರಗೆ ಕೂರಲು ಹೇಳಿ ಅವನು ತಾನೇ ಪೆನ್ನು ಪಕ್ಕಕ್ಕಿಟ್ಟುಕೊಂಡ. ಅಳತೆಕಡ್ಡಿ ಎತ್ತಿಕೊಂಡ. ಮೃಣಾಲ್ ಅಳೆದದ್ದು ಇತ್ತು, ಮತ್ತೆ ಅಳೆಯಬೇಕಾಗಿರಲಿಲ್ಲ. ಆದರೆ ತಾನು ಅಳೆಯದೆ ಬರೆಯಲಾರೆ ಅಂದ. ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ ಹೇಳತೊಡಗಿದ. ಮೂರು. ಎರಡು. ಮೂರು. ಐದು. ಒಂದೊಂದನ್ನೂ ಹೇಳಿ, ಬರೆದು, ಮತ್ತೆ ಬಗ್ಗುತ್ತಿದ್ದ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಮುಂದಿನ ಹಲ್ಲಿಗೆ ಬಂದಾಗ ಕಡ್ಡಿ ಇಳಿಯಿತು, ಇಳಿಯುತ್ತಲೇ ಹೋಯಿತು.

“ಏಳು” ಅಂದ. ಆಮೇಲೆ, “ನೋವಾತೇನಕ್ಕಾ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆಗಿತ್ತು.

ಚೀಟಿಯನ್ನು ಅವನು ಅಂಟಿಸದ ಕವರಿನಲ್ಲಿ ಕೊಟ್ಟ. ಊರಿನವರೆಲ್ಲರ ಇಂಗ್ಲಿಷ್ ತಿದ್ದುವ ನಾನು ಅದನ್ನು ತೆರೆದು ನೋಡಲಿಲ್ಲ. ಧಂತೋಲಿಯ ಸ್ಪೆಷಲಿಸ್ಟ್, ಮಿತಭಾಷಿ ಹೆಂಗಸು, ಎರಡು ಸಲ ಓದಿ ಮಡಚಿ, “ಸರ್ ನೇ ಸಬ್ ಲಿಖ್ ದಿಯಾ ಹೈ” ಎಂದಷ್ಟೇ ಹೇಳಿದಳು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನನ್ನನ್ನು ಕೇಳಲೇ ಇಲ್ಲ. ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡಿ ಹೊಲಿದಳು. ಹೊಲಿಗೆಯ ದಾರ ನಾಲಿಗೆಗೆ ತಾಗಿದಾಗ ಯಾವ ದಾರ ಎಂದು ಕೇಳಿದೆ. ಕಪ್ಪು ರೇಷ್ಮೆ ಅಂದಳು. ಹಿಂದಿನ ಒಂದು ದವಡೆಹಲ್ಲು ಉಳಿಯಲಿಲ್ಲ. ಮುಂದಿನವು ಉಳಿದವು, ಹಿಂಬದಿಯಿಂದ ಕಾಣದಂಥ ತಂತಿಯೊಂದರಲ್ಲಿ ಒಂದರ ಕೈ ಒಂದು ಹಿಡಿದುಕೊಂಡು. ಮೂರು ತಿಂಗಳಿಗೊಮ್ಮೆ ಬರಬೇಕು, ಮುಂದಿನ ಹಲ್ಲಿನಿಂದ ಗಟ್ಟಿ ಪದಾರ್ಥ ಕಡಿಯಲೇಬಾರದು ಎಂದು ಅಪ್ಪಣೆಯಾಯಿತು.

ಆ ಮೇಲೆ ನನಗೆ ಸದರಿಗೆ ಹೋಗಲು ಕಾರಣವೇ ಉಳಿಯಲಿಲ್ಲ. ಸ್ಪೆಷಲಿಸ್ಟ್ ಕಡೆ ಕಳಿಸಿದ ಪೇಷಂಟುಗಳು ತಿರುಗಿ ಬರುವುದಿಲ್ಲ ಎಂದು ಅವನು ಹೇಳುತ್ತಿದ್ದ. ಕಡೆಗೆ ನಾನೂ ಅವರಲ್ಲಿ ಒಬ್ಬಳಾದೆ. ಮುಂದಿನ ಶ್ರಾವಣದಲ್ಲಿ ಹೇಗೂ ರಾಖಿಗೆ ಬರುತ್ತಾನಲ್ಲ, ಆಗ ಮಾತಾಡಿದರಾಯಿತು ಎಂದುಕೊಂಡೆ. ಮುಂದಿನ ಶ್ರಾವಣಕ್ಕೆ ಅವನಿರಲಿಲ್ಲ. ಆ ಚಳಿಗಾಲವೇ, ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟ.

ಕೊನೆಯ ಸಲ ನೋಡಿದ್ದು ಕನ್ನಡದವರ ದೀಪಾವಳಿ ಫರಾಳಕ್ಕೆ ಸೇರಿದಾಗ. ಉದ್ದನೆಯ ಹಾಲು, ಎದುರುಬದುರು ಎರಡು ಸಾಲು. ಅವನು ಎದುರಿನ ಸಾಲಿನಲ್ಲಿ, ನಾಲ್ಕು ಜನರ ಆಚೆ. ಪ್ಲೇಟಿನಲ್ಲಿ ಲಾಡು, ಶಂಕರಪಾಳಿ, ಚಕ್ಕಲಿ. ಯಾರೋ ಅವನ ಕಿವಿಯಲ್ಲಿ ತಮ್ಮ ಹಲ್ಲುನೋವು ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ, ಆದರೆ ನೋಡುತ್ತಿದ್ದದ್ದು ನನ್ನ ಬಾಯಿಯನ್ನು. ಕೇಳಲಿಕ್ಕೆ ದೂರ, ಎದ್ದು ಬರಲಿಕ್ಕೆ ಸಂಕೋಚ. ನಾನು ಚಕ್ಕಲಿ ಎತ್ತಿಕೊಂಡೆ. ಪಕ್ಕದಲ್ಲಿದ್ದ ಶಕ್ಕು, “ವೈನಿ, ಮುರದು ತಿನ್ರಿ, ಹುಚ್ಚರಂಗ ಮಾಡಬ್ಯಾಡ್ರಿ” ಅಂದಳು. ಅವನನ್ನೇ ನೋಡುತ್ತ ಮುಂದಿನ ಹಲ್ಲಿನಿಂದ ಕಟಂ ಎಂದು ಕಡಿದೆ. ಶ್ರೀಪಾದ ಗಾಬರಿಯಿಂದ ಅರ್ಧ ಎದ್ದ. ಹಲ್ಲು ಬಿಟ್ಟು ತೋರಿಸಿದೆ, ಎಲ್ಲ ಇದ್ದಲ್ಲೇ ಇವೆ ಎಂದು. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತು, ನಕ್ಕು, ಆಮೇಲೆ ತನ್ನ ಪ್ಲೇಟಿನ ಚಕ್ಕಲಿಯನ್ನು ಬಾಯಿಗಿಟ್ಟುಕೊಂಡ.